ಹುಣಸೆಹಣ್ಣಿನಲ್ಲಿ ತೊಳೆದ ಯೆಜ್ಡಿ

ನಂಜನಗೂಡಿನ ಚಿಕ್ಕಮಾದುವಿನ ಮನೆಯಲ್ಲಿ ಆ ವರ್ಷ ನಡೆದ ರಾಮಾಯಣಕ್ಕೆಲ್ಲ ಕಾರಣ ಹತ್ತೇ ಹತ್ತು ನಿಮಿಷ. ನಂಜನಗೂಡಿನಿಂದ ಬೆಳಿಗ್ಗೆ ಹೊರಟ ಬಸ್ಸು ನರಸೀಪುರದ ಸ್ಟ್ಯಾಂಡಿಗೆ ಬಂದು ನಿಲ್ಲುವುದು ಒಂಬತ್ತೂಕಾಲಿಗೆ. ಮೂಗೂರಿನ ಕಡೆಯ ಬಸ್ಸು ಅಲ್ಲಿಂದ ಹೊರಡುವುದು ಒಂಬತ್ತೂ ಐದಕ್ಕೆ. ಅದು ತಪ್ಪಿದರೆ ಮುಂದಿನದು ಹತ್ತೂಕಾಲಿಗೆ. ನಂಜನಗೂಡಿನಿಂದ ಇನ್ನೂ ಮುಂಚೆ ಒಂದು ಬಸ್ಸೇನೋ ಇತ್ತು. ಅದು ಬಂದರೆ ಬಂತು, ಇಲ್ಲವೆಂದರೆ ಇಲ್ಲ.

ಚಿಕ್ಕಮಾದುವಿನ ಸೊಸೆ ಸಂಘಮಿತ್ರಾಗೆ ಟೀಚರ್ ಕೆಲಸ ಸಿಕ್ಕಿದ್ದು ಮೂಗೂರಿನಾಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಐದು ವರ್ಷ ಅರ್ಜಿ ಹಾಕಿ, ಎರಡು ಸಲ ಪಟ್ಟಿಯ ಕೊನೆಯಲ್ಲಿ ಹೆಸರು ಕೈತಪ್ಪಿ, ಮೂರನೇ ಸಲಕ್ಕೆ ಕೈಗೆ ಬಂದ ಕೆಲಸ ಅದು. ಶಾಲೆಯಲ್ಲಿ ಪ್ರಾರ್ಥನೆ ಹತ್ತು ಗಂಟೆಗೆ. ಸಂಘಮಿತ್ರಾ ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ ಗೇಟು ದಾಟುವ ಹೊತ್ತಿಗೆ ಮಕ್ಕಳು ಮಗ್ಗಿ ಅರ್ಧ ಮುಗಿಸಿರುತ್ತಿದ್ದರು.

ಹೆಡ್ ಮೇಡಂ ಚಾಮುಂಡಮ್ಮ ಕೆಟ್ಟವರೇನಲ್ಲ. ಎರಡು ತಿಂಗಳು ನೋಡಿದರು, ನೋಡಿಯೂ ನೋಡದಂತೆ ಇದ್ದರು. ದಸರಾ ರಜ ಹತ್ತಿರ ಬಂದಾಗ ಕರೆದು ಕೂರಿಸಿಕೊಂಡು ಹೇಳಿದರು. "ನೋಡಮ್ಮ, ರಜ ಮುಗಿದ ದಿನ ನೀನು ಪ್ರಾರ್ಥನೆ ಸಾಲಲ್ಲಿ ನಿಂತಿರಬೇಕು. ಆಗಲ್ಲ ಅಂದ್ರೆ ನರಸೀಪುರದಲ್ಲೊಂದು ರೂಮ್ ಮಾಡ್ಕೊ. ಹೊಸ ಕೆಲಸ, ಇನ್ನೂ ಪ್ರೊಬೇಷನ್ನು. ನಾನು ಮೇಲಕ್ಕೆ ಬರೆಯೋ ಹಾಗೆ ಮಾಡ್ಬೇಡ."

ಅವರು ಹೇಳಿದ್ದು ನ್ಯಾಯವಾಗಿತ್ತು. ಬಯ್ದುಕೊಳ್ಳುವುದಕ್ಕೂ ಯಾರೂ ಇಲ್ಲದಂತಾಗಿ ಸಂಘಮಿತ್ರಾ ಸಪ್ಪಗೆ ಮನೆಗೆ ಬಂದಳು.

ಅಂದು ಸಂಜೆ ಊಟಕ್ಕೆ ಕುಳಿತಾಗ ಅವಳ ಗಂಡ ಶಿವಮೂರ್ತಿಯೇ ಮಾತು ತೆಗೆದ. ಅವನು ಊರಾಚೆಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಮೇಲೆ ದುಡಿಯುತ್ತಿದ್ದವನು. "ರೂಮ್ ಮಾಡ್ದೆ ಬೇರೆ ದಾರಿ ಇಲ್ಲ ಕಣವ್ವ."

"ಮಾಡ್ಲಿ, ಯಾರ್ ಬ್ಯಾಡ ಅಂದೋರು?" ಎಂದಳು ಅವನ ತಾಯಿ ಮಾದಮ್ಮ, ಮುದ್ದೆ ಕಟ್ಟುತ್ತಲೇ. "ಮಗು ಇಲ್ಲೇ ಇರ್ತದೆ."

"ಅದ್ ಹೆಂಗಿರ್ತಾಳೆ ಅತ್ತೆ? ನಾಲ್ಕು ವರ್ಷದ್ದು, ನಾನಿಲ್ದೆ ಮಲಗಲ್ಲ."

"ನಾನು ಮಲಗುಸ್ತೀನಿ. ನಿನ್ ಗಂಡನ್ನ ಮಲಗುಸ್ಲಿಲ್ವಾ?"

"ಅವ್ಳು ಅಲ್ಲಿ, ನಾನು ಇಲ್ಲಿ, ಮಗು ಒಂದ್ ವಾರ ಅಲ್ಲಿ ಒಂದ್ ವಾರ ಇಲ್ಲಿ," ಎಂದ ಶಿವಮೂರ್ತಿ. "ಇದೇನ್ ಸಂಸಾರನಾ, ಬಸ್ ಸ್ಟ್ಯಾಂಡಾ?"

"ಹಂಗಾದ್ರೆ ಕೆಲಸ ಬಿಡ್ಲಾ? ಬಾಯ್ಬಿಟ್ಟು ಹೇಳ್ರಿ."

ಕೆಲಸದ ಆರ್ಡರ್ ಕಾಪಿ ಬಂದ ದಿನ ಬೀದಿಗೆಲ್ಲ ಸಿಹಿ ಹಂಚಿದವಳು ಮಾದಮ್ಮನೇ. ಈಗ ಬಿಡು ಎನ್ನುವ ಮುಖ ಯಾರಿಗಿತ್ತು? ಮೊಮ್ಮಗಳು ದಿವ್ಯ ಮಾತ್ರ ಸಾರಿನೊಳಗಿನ ಕಾಳುಗಳನ್ನು ಒಂದೊಂದಾಗಿ ಆರಿಸಿ ತಿನ್ನುತ್ತಿದ್ದಳು.

ಅಲ್ಲಿಯವರೆಗೂ ತಲೆ ಎತ್ತದೆ ಉಣ್ಣುತ್ತಿದ್ದ ಚಿಕ್ಕಮಾದು ತಟ್ಟೆಯಲ್ಲೇ ಕೈ ತೊಳೆದುಕೊಂಡ. "ಗಾಡೀಲಾದ್ರೆ ನರಸೀಪುರಕ್ಕೆ ಮುಕ್ಕಾಲ್ ಗಂಟೆ," ಎಂದ.

ಮಾದಮ್ಮನ ಕೈ ನಿಂತಿತು. "ಯಾವ್ ಗಾಡಿ?"

"ನಮ್ದು."

ನಮ್ದು ಎಂದರೆ ಹಿತ್ತಲಿನ ಶೀಟಿನ ಮಾಡಿನಲ್ಲಿ ಸೌದೆಯಡಿ ಬಿದ್ದಿದ್ದ ಯೆಜ್ಡಿ ಬೈಕು. ಚಿಕ್ಕಮಾದು ಮೈಸೂರಿನ ಬೈಕು ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಎಂಜಿನ್ನು ಜೋಡಿಸಿದವನು. ತಾನು ಜೋಡಿಸುವ ಗಾಡಿಯನ್ನೇ ತಾನೂ ಒಂದು ಕೊಂಡು, ಕಿಕ್ ಹೊಡೆಯುವ ಲಿವರನ್ನೇ ಮಡಚಿ ಗೇರು ಹಾಕುವ ಅದರ ಚಮತ್ಕಾರವನ್ನು ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದ. ತೊಂಬತ್ತಾರರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದು ಸಂಜೆ ಗಾಡಿಯನ್ನು ಹಿತ್ತಲಿಗೆ ತಳ್ಳಿದವನು, "ತವರೇ ಮುಚ್ಚೋಯ್ತು, ಇನ್ನು ಇದ್ಕೆ ಯಾರವ್ರೆ?" ಎಂದಿದ್ದ. ಆಮೇಲೆ ಆರು ವರ್ಷ ಅದರ ಮೇಲೆ ಕೈ ಇಟ್ಟಿರಲಿಲ್ಲ. ಮಾದಮ್ಮ ಮಾತ್ರ ಅದನ್ನು ಸುಮ್ಮನೆ ಬಿಟ್ಟಿರಲಿಲ್ಲ. ಹ್ಯಾಂಡಲ್ಲಿಗೆ ಮೆಣಸಿನಕಾಯಿ ಚೀಲ ತೂಗುಹಾಕಿದ್ದಳು, ಎಂಜಿನ್ನಿನ ಮಗ್ಗುಲಿಗೆ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದಳು.

ಅವಳಿಗೆ ಆ ಗಾಡಿಯ ಮೇಲೆ ಹಳೇ ಸಿಟ್ಟೂ ಇತ್ತು. ಶಿವಮೂರ್ತಿ ಮದುವೆಗೆ ಮುಂಚೆ ಒಮ್ಮೆ ಕಪಿಲಾ ಸೇತುವೆಯ ತಿರುವಿನಲ್ಲಿ ಅದರಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದ. ಆಗವಳು ನಂಜುಂಡೇಶ್ವರನಿಗೆ ಮುಡಿ ಕೊಟ್ಟು, ನನ್ನ ಮಗ ಇನ್ನು ಈ ಗಾಡಿ ಹತ್ತುವುದಿಲ್ಲ ಎಂದು ಹರಕೆ ಹೊತ್ತಿದ್ದಳು.

"ಆ ಯಮನ್ ಗಾಡಿ ಎತ್ತೀಯಾ? ನನ್ ಅರಕೆ ಏನಾಗ್ಬೇಕು?" ಎಂದಳು ಈಗ.

"ನಿನ್ ಮಗ ಎಲ್ ಅತ್ತಾನೆ ಗಾಡೀನ? ನಾನು ಬಿಟ್ ಬತ್ತೀನಿ. ಒಂಬತ್ ಗಂಟೇಗ್ ಸ್ಟ್ಯಾಂಡಲ್ಲಿ ಇಳಿಸುದ್ರೆ ಮೂಗೂರ್ ಬಸ್ಸು ಸಿಕ್ತದೆ. ಸಂಜೆ ಹೆಂಗೂ ಬಸ್ಸವೆ."

"ಅರವತ್ತು ತುಂಬ್ತಲ್ಲ ನಿಂಗೆ!"

"ಗಾಡಿಗೆ ಇಪ್ಪತ್ತೇ ಕಣ್ ಮೇ. ಸರಿಯೋಯ್ತದೆ ಬುಡು."

ಮರುದಿನ ಬೆಳಿಗ್ಗೆ ಅವನೇ ಸೌದೆ ಇಳಿಸಿದ. ಗಾಡಿಯ ಸ್ಥಿತಿ ನೋಡಿ ಸಂಘಮಿತ್ರಾಗೆ ಅಳುವೋ ನಗುವೋ ತಿಳಿಯಲಿಲ್ಲ. ಸೀಟನ್ನು ಇಲಿ ತಿಂದಿತ್ತು. ಟ್ಯಾಂಕು ಒಳಗೆಲ್ಲ ತುಕ್ಕು. ಕಿಕ್ಕು ಕಲ್ಲಿನಂತೆ ಬಿಗಿದು, ಚಿಕ್ಕಮಾದು ಎರಡೂ ಕಾಲಿಟ್ಟು ನಿಂತರೂ ಕೆಳಗಿಳಿಯಲಿಲ್ಲ.

"ಆಗುತ್ತಾ ಮಾವ?"

"ಆಗ್ದೆ ಏನವ್ವ. ಇದ್ರ್ ಒಟ್ಟೇಲಿ ಏನೇನದೆ ಅಂತ ನಂಗೊತ್ತಿಲ್ವಾ?"

ಅವನದು ಕಾರ್ಖಾನೆಯ ಪದ್ಧತಿ. ಗೋಣಿಚೀಲ ಹಾಸಿ, ಬಿಚ್ಚಿದ ಒಂದೊಂದು ಸಾಮಾನನ್ನೂ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತ ಹೋಗುವುದು. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಚೀಟಿ ಇಲ್ಲ, ಗುರುತು ಇಲ್ಲ, ಸಾಲೇ ಗುರುತು. ಸಾಲನ್ನು ಯಾರೂ ಮುಟ್ಟಬಾರದೆಂದು ಮೊಮ್ಮಗಳಿಗೂ ಕೋಳಿಗಳಿಗೂ ಸಮಸಮನಾಗಿ ತಾಕೀತು ಮಾಡಿದ್ದ. ಹೆಂಡತಿಗೆ ಹೇಳಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ರಜ ಶುರುವಾಯಿತು. ಶಿವಮೂರ್ತಿ ಶಿಫ್ಟು ಮುಗಿಸಿ ಬಂದವನು ಟ್ಯಾಂಕಿನೊಳಗೆ ಜಲ್ಲಿಚೂರು, ಸೀಮೆಎಣ್ಣೆ ಹಾಕಿ ಕುಲುಕಿದ. ಅವನ ಕೈ ಸೋತಾಗ ಸಂಘಮಿತ್ರಾ ಕುಲುಕಿದಳು. ಆ ಗಲಾಟೆಗೆ ಪಕ್ಕದ ಮನೆಯ ಪುಟ್ಟಮಾದಮ್ಮ ಬಂದು, "ಏನ್ ಮಾದಮ್ಮ, ನಿಮ್ಮನೇಲಿ ಕಲ್ಲು ಉರೀತಿದ್ದೀರಾ?" ಎಂದು ಕೇಳಿ ಹೋದಳು. ಮಾದಮ್ಮ ನಗಲಿಲ್ಲ. ಆದರೆ ಹೊತ್ತುಹೊತ್ತಿಗೆ ಹಿತ್ತಲಿಗೇ ಟೀ ತಂದಿಟ್ಟು, ಗೋಣಿಚೀಲದ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು. ಮೊಮ್ಮಗಳು ಮನೆಯಲ್ಲಿ ಉಳಿಯುವುದು ಆ ಮಸಿ ಹಿಡಿದ ಕಬ್ಬಿಣದ ಮೇಲೆ ನಿಂತಿದೆ ಎಂದು ಅವಳಿಗೂ ಅರ್ಥವಾಗತೊಡಗಿತ್ತು.

ಬಿಗಿದಿದ್ದ ಎಂಜಿನ್ನು ಒಂದು ವಾರ ಎಣ್ಣೆ ಕುಡಿದು ಸಡಿಲವಾಯಿತು. ಉಳಿದ ತೊಂದರೆ ಎರಡು. ಒಂದು, ಪಿಸ್ಟನ್ನಿನ ರಿಂಗುಗಳು ತುಂಡಾಗಿದ್ದವು. ಇನ್ನೊಂದು ಜೆಟ್ಟು. ಅದು ಕಡಲೆಕಾಳಿಗಿಂತ ಚಿಕ್ಕದಾದ ಹಿತ್ತಾಳೆಯ ತುಂಡು. ಕಾರ್ಬುರೇಟರಿನಿಂದ ಎಂಜಿನ್ನಿಗೆ ಪೆಟ್ರೋಲು ಹೋಗುವುದು ಅದರ ನಡುವಿನ ಸೂಜಿಮೊನೆಯಷ್ಟು ತೂತಿನಲ್ಲಿ. ಆ ತೂತು ಕಿಲುಬು ಕಟ್ಟಿಹೋಗಿತ್ತು. ಚಿಕ್ಕಮಾದು ಪೊರಕೆಕಡ್ಡಿ ತೂರಿಸಿ ನೋಡಿದ, ಸೀಮೆಎಣ್ಣೆಯಲ್ಲಿ ನೆನೆಹಾಕಿದ, ಬಾಯಿಟ್ಟು ಊದಿದ. ಉಸಿರು ಆಚೆ ಬರಲಿಲ್ಲ. ತಂತಿ ಹಾಕಿ ತಿವಿದರೆ ತೂತಿನ ಅಳತೆಯೇ ಕೆಡುತ್ತದೆಂದು ಭಯ.

ಆಯುಧಪೂಜೆಯ ಹಿಂದಿನ ದಿನ ಅವನು ಮೈಸೂರಿಗೆ ಹೋದ. ಜೊತೆಯಲ್ಲಿ ಕೆಲಸ ಮಾಡಿದ್ದ ಶಿವಸ್ವಾಮಿ ಅಲ್ಲಿ ಒಂದು ಗ್ಯಾರೇಜ್ ಇಟ್ಟುಕೊಂಡಿದ್ದ. ರಿಂಗು ಅವನ ಹತ್ತಿರ ಇತ್ತು. ಜೆಟ್ಟು ಇರಲಿಲ್ಲ.

"ಹೇಳಿ ತರುಸ್ಬೇಕು ಮಾದು. ಒಂದ್ ತಿಂಗ್ಳು ಹಿಡಿಬೋದು."

"ತಿಂಗ್ಳಿಲ್ಲ ಕಣಪ್ಪ ನನ್ನತ್ರ. ಹದ್ನೈದೇ ದಿನ."

"ಹಂಗಾದ್ರೆ ಇರೋದನ್ನೇ ಹೆಂಗಾರ ಬಿಡುಸ್ಕೊ."

ಅವನು ಸಂಜೆ ರಿಂಗಿನ ಪೊಟ್ಟಣ ಹಿಡಿದು ಹಿತ್ತಲಿಗೆ ಬಂದಾಗ ಗೋಣಿಚೀಲ ಬಟ್ಟೆ ಹಗ್ಗದ ಮೇಲೆ ಒಣಗುತ್ತಿತ್ತು. ಯೆಜ್ಡಿಯ ಸಾಮಾನುಗಳೆಲ್ಲ ಮೂರು ಮೊರಗಳಲ್ಲಿ ಫಳಫಳ ಹೊಳೆಯುತ್ತಿದ್ದವು. ಪ್ರತಿಯೊಂದಕ್ಕೂ ವಿಭೂತಿ, ಅದರ ಮೇಲೆ ಕುಂಕುಮ. ಕ್ಲಚ್ ಪ್ಲೇಟುಗಳ ಮೇಲೆ ಒಂದೊಂದು ಸೇವಂತಿಗೆ ಹೂವು.

ಮಾದಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮೂರು ವಾರದಲ್ಲಿ ಅವಳ ಮುಖದ ಮೇಲೆ ನಗು ಕಂಡದ್ದು ಅದೇ ಮೊದಲು. "ಕೊಡ್ಲಿ ಕುಡ್ಲು ಎಲ್ಲಾನೂ ತೊಳುದ್ನಲ್ಲ, ಇದ್ನ್ ಯಾಕೆ ಬುಡ್ಲಿ ಅಂತ ಉಣ್ಸೇಹಣ್ಣು ಬೂದಿ ಆಕಿ ಉಜ್ದೆ. ಒಂದ್ ದಿನ ಪೂರ್ತಿ ಇಡೀತು. ನೋಡು, ಎಂಗವೆ!"

ಚಿಕ್ಕಮಾದು ಕೂಗಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತು.

"ನಿನ್ ಕೈಗೆ ಕೇಡ್ ಬರ! ನನ್ ಸಾಲೆಲ್ಲಮ್ಮಿ? ಸಾಲೆಲ್ಲಿ? ಎಲ್ಲಾನು ಕಲಸಿಟ್ಟವ್ಳಲ್ಲ, ಇನ್ನು ಯಾವ್ದು ಎಲ್ಲಿಗ್ ಆಕ್ಲಿ ನಾನು?"

"ಪೂಜೆ ಅಂತ ತೊಳುದ್ರೆ..."

"ಪೂಜೆ! ಓಯ್ತು, ಗಾಡಿ ಕತೆ ಇಲ್ಲಿಗ್ ಮುಗೀತು. ರೂಮ್ ಮಾಡ್ಕೊಳಿ, ಏನಾರ ಮಾಡ್ಕೊಳಿ."

ರಿಂಗಿನ ಪೊಟ್ಟಣವನ್ನು ಮೊರಕ್ಕೆ ಎಸೆದು ಹೋಗಿ ಜಗುಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಸಂಘಮಿತ್ರಾಳ ತವರಿನವರು ಬುದ್ಧನ ದಾರಿ ಹಿಡಿದವರು. ಆಯುಧಪೂಜೆಯ ಗೊಡವೆ ಅವಳಿಗಿರಲಿಲ್ಲ. ಆದರೂ ಅತ್ತೆ ಮೊರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಹೂವನ್ನು ತೆಗೆಯುವುದನ್ನು ನೋಡಲಾರದೆ ಪಕ್ಕದಲ್ಲಿ ಹೋಗಿ ಕುಳಿತಳು.

"ನೀವು ಒಳ್ಳೇದಕ್ಕೇ ಮಾಡಿದ್ದು ಅತ್ತೆ."

"ಒಳ್ಳೇದಾಗ್ಲಿಲ್ವಲ್ಲವ್ವ," ಎಂದಳು ಮಾದಮ್ಮ.

ಹಬ್ಬ ಸಪ್ಪಗೆ ಕಳೆಯಿತು. ಶಿವಮೂರ್ತಿ ನರಸೀಪುರಕ್ಕೆ ಹೋಗಿ ರೂಮು ನೋಡಿ ಬಂದ. ಮಾದಮ್ಮ ಯಾರೊಂದಿಗೂ ಮಾತಾಡದೆ ಹಳೇ ಜಮಖಾನದಲ್ಲಿ ಗಂಟು ಕಟ್ಟತೊಡಗಿದಳು. ಎರಡು ತಟ್ಟೆ, ಚಿಕ್ಕ ಪಾತ್ರೆ, ಮಗುವಿನ ಕೌದಿ. ಕೊನೆಗೆ ಒಲೆಯ ಪಕ್ಕದಲ್ಲಿದ್ದ ಮುದ್ದೆಕೋಲನ್ನೂ ತಂದು ಅದರೊಳಗೆ ತುರುಕಿದಳು.

"ಅತ್ತೆ, ಅದು ನಿಮ್ ಕೋಲು!"

"ಅಲ್ಲಿ ಹೊಸ ಕೋಲಲ್ಲಿ ನಿಂಗ್ ತಿರುವಾಕ್ ಬರಲ್ಲ. ಮಗೀಗೆ ಗಂಟು ಮುದ್ದೆ ತಿನ್ನುಸ್ತೀಯಾ?"

ಗಂಟು ಬಾಗಿಲ ಪಕ್ಕ ಕುಳಿತಿತು. ಅಂದಿನಿಂದ ಆ ಮನೆಯಲ್ಲಿ ಅನ್ನವೇ. ಮುದ್ದೆ ಇಲ್ಲದೆ ಚಿಕ್ಕಮಾದುವಿಗೆ ಉಂಡಂತೆ ಆಗುತ್ತಿರಲಿಲ್ಲ. ನಾಲ್ಕನೆಯ ದಿನ ತಟ್ಟೆ ಸರಿಸಿ ಗೊಣಗಿದ. "ಏನ್ ದಿನಾ ಅನ್ನ? ಕಾಯ್ಲೆ ಬಿದ್ದೋರ್ ಮನೆ ಆಯ್ತಲ್ಲ."

ಅಷ್ಟು ದಿನ ಬಾಯಿ ಹೊಲಿದುಕೊಂಡಿದ್ದ ಮಾದಮ್ಮ ತಿರುಗಿ ನಿಂತಳು.

"ಕೋಲು ಗಂಟೊಳಗದೆ. ಗಾಡಿ ಎದ್ರೆ ಕೋಲು ಬತ್ತದೆ. ನಾನು ತಪ್ ಮಾಡ್ದೆ, ಒಪ್ಕತೀನಿ. ಆದ್ರೆ ಒಂದ್ ಕೇಳ್ತೀನಿ. ಇಪ್ಪತ್ಮೂರ್ ವರ್ಸ ಫ್ಯಾಕ್ಟ್ರೀಲಿ ಏನ್ ಮಾಡ್ದೆ ನೀನು? ಗೋಣಿಚೀಲ ನೋಡ್ಕೊಂಡು ಜೋಡುಸ್ತಿದ್ಯಾ? ನಂಗೆ ಕಣ್ಣಿಗ್ ಬಟ್ಟೆ ಕಟ್ಟು, ಮುದ್ದೆ ತಿರುವ್ತೀನಿ ನಾನು."

ಚಿಕ್ಕಮಾದು ಕೋಪದಿಂದಲೇ ಎದ್ದು ಹಿತ್ತಲಿಗೆ ಹೋದ. ಮೊರದ ಮುಂದೆ ಕುಳಿತು ಬಹಳ ಹೊತ್ತು ಬೀಡಿ ಸೇದಿದ. ಆಮೇಲೆ ಒಂದು ಬೇರಿಂಗ್ ಕೈಗೆತ್ತಿಕೊಂಡು ವಿಭೂತಿ ಒರೆಸಿದ. ಅದು ಎಲ್ಲಿಗೆ ಸೇರಬೇಕೆಂದು ಯೋಚಿಸುವ ಮೊದಲೇ ಅವನ ಇನ್ನೊಂದು ಕೈ ಅದರ ಪಕ್ಕದ ವಾಷರಿಗಾಗಿ ಮೊರದಲ್ಲಿ ತಡಕಾಡುತ್ತಿತ್ತು. ಸಿಕ್ಕಿತು. ಅದರ ಹಿಂದಿನದೂ ಸಿಕ್ಕಿತು. ಸಂಜೆ ಟೀ ತಂದ ಸಂಘಮಿತ್ರಾಗೆ ಅವನು ಹೇಳಿದ, "ಕೈಗೆ ಗೊತ್ತಿತ್ತು ಕಣವ್ವ. ತಲೇನೇ ಎದರ್ಕೊಂಡಿದ್ದು."

ನಾಲ್ಕು ದಿನದಲ್ಲಿ ಎಂಜಿನ್ನು ಎದ್ದು ನಿಂತಿತು. ಐದನೆಯ ದಿನ ಮೊರಗಳು ಬರಿದಾದವು, ಆದರೆ ಕಾರ್ಬುರೇಟರು ಪೂರ್ತಿಯಾಗಲಿಲ್ಲ. ಜೆಟ್ಟು ಇರಲಿಲ್ಲ. ಅಂದು ಶನಿವಾರ. ಸೋಮವಾರ ಶಾಲೆ.

"ಸೀಮೆಎಣ್ಣೆ ಬಟ್ಲಲ್ಲಿ ಇಟ್ಟಿದ್ನಲ್ಲ! ಚಿಕ್ಕದು, ಇತ್ತಾಳೆದು, ಇಷ್ಟೇ ಇಷ್ಟು."

ಮಾದಮ್ಮ ಖಾಲಿ ಮೊರವನ್ನು ತಿರುವಿ ನೋಡಿದಳು. "ಬಟ್ಲಲ್ಲಿದ್ದುನ್ನೂ ಉಣ್ಸೇಹಣ್ಣಿಗೇ ಸುರುದ್ನಲ್ಲ."

"ಆ ಉಣ್ಸೇಹಣ್ಣು?"

"ತಿಪ್ಪೆಗೆಸುದೆ."

ಯಾರೂ ಕೂಗಾಡಲಿಲ್ಲ. ಕೂಗಾಡುವುದಕ್ಕೂ ಶಕ್ತಿ ಬೇಕು. ಮಾದಮ್ಮ ಸರಸರನೆ ಒಳಗೆ ಹೋಗಿ ರಾಗಿಹಿಟ್ಟಿನ ಜರಡಿ ತಂದು ಹಿತ್ತಲ ಮೂಲೆಯ ತಿಪ್ಪೆಯ ಮುಂದೆ ಕುಳಿತಳು.

"ಅವ್ವ, ಅದು ಹಿಟ್ಟಿನ್ ಜರಡಿ!" ಎಂದ ಶಿವಮೂರ್ತಿ.

"ಗೊತ್ತು ಕಣ್ಲಾ. ಕೆದಕು ನೀನು."

ಆ ಬೀದಿಯಲ್ಲಿ ಹಿಟ್ಟಿನ ಜರಡಿಯಲ್ಲಿ ತಿಪ್ಪೆ ಜಾಲಿಸಿದವಳು ಮಾದಮ್ಮ ಒಬ್ಬಳೇ ಇರಬೇಕು. ಶಿವಮೂರ್ತಿ ಗುದ್ದಲಿಯಿಂದ ಎಳೆದು ಕೊಟ್ಟ, ಸಂಘಮಿತ್ರಾ ನೀರು ಹೊಯ್ದಳು, ಮಾದಮ್ಮ ಜಾಲಿಸಿದಳು. ಬೂದಿ, ಮೊಟ್ಟೆ ಸಿಪ್ಪೆ, ಬಳೆಚೂರು, ದಿವ್ಯಳ ಕಳೆದುಹೋಗಿದ್ದ ಒಂದು ಗೋಲಿ ಸಿಕ್ಕವು. ಚಿಕ್ಕಮಾದು ನೋಡಲಾರದೆ ಬೆನ್ನು ತಿರುಗಿಸಿ ಕುಳಿತಿದ್ದ. ಹೊತ್ತು ಮಧ್ಯಾಹ್ನ ದಾಟಿದ ಮೇಲೆ ಮಾದಮ್ಮ ಹುಣಸೆನಾರಿನ ಒಂದು ಮುದ್ದೆಯನ್ನು ಕೈಯಲ್ಲಿ ಹಿಸುಕಿದಳು. ಏನೋ ಗಟ್ಟಿಯಾಗಿ ಒತ್ತಿತು.

"ಇದಾ?" ಎಂದಳು, ಅಂಗೈ ಚಾಚಿ.

ಚಿಕ್ಕಮಾದು ಅದನ್ನು ತೆಗೆದುಕೊಂಡು ನೀರಲ್ಲಿ ತೊಳೆದು ಬಿಸಿಲಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ. ಆಮೇಲೆ ತುಟಿಗಿಟ್ಟು ಊದಿದ. ಸುಯ್ಯೆಂದು ಉಸಿರು ಆಚೆ ಬಂತು.

"ಲೇ ಮೇ," ಎಂದ ಅವನು, "ತೂತು ಬಿಟ್ಕೊಂಡದೆ! ಆ ಕಿಲುಬು, ಸೀಮೆಎಣ್ಣೇಲೂ ಓಗಿರ್ಲಿಲ್ಲ. ಹನ್ನೆರಡ್ ದಿನ ಉಣ್ಸೇಉಳೀಲಿ ಕೂತು ಓಗ್ಬುಟ್ಟದೆ."

"ಅದ್ಕೇ ಅಲ್ವಾ ನಾನು ಆಕಿದ್ದು," ಎಂದಳು ಮಾದಮ್ಮ. ಎಲ್ಲರೂ ಅವಳ ಮುಖ ನೋಡಿದರು. ಅವಳೇ ಮೊದಲು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಭಾನುವಾರ ಬೆಳಿಗ್ಗೆ ಗಾಡಿಯನ್ನು ಬೀದಿಗೆ ಇಳಿಸಿದರು. ಮೊದಲ ಕಿಕ್ಕಿಗೆ ಕೆಮ್ಮಲೂ ಇಲ್ಲ. ನಾಲ್ಕನೆಯದಕ್ಕೆ ಕೆಮ್ಮಿತು. ಏಳನೆಯದಕ್ಕೆ ಡಬಡಬಡಬ ಎಂದು ಎದ್ದದ್ದೇ ಎದ್ದದ್ದು, ಬೀದಿಯೆಲ್ಲ ನೀಲಿ ಹೊಗೆ, ಕೋಳಿಗಳು ದಿಕ್ಕಾಪಾಲು. ಪುಟ್ಟಮಾದಮ್ಮ ಬಾಗಿಲಿಗೆ ಬಂದು ಮೂಗು ಮುಚ್ಚಿಕೊಂಡೇ ಚಪ್ಪಾಳೆ ತಟ್ಟಿದಳು. ಶಿವಮೂರ್ತಿಯ ಕೈ ತಾನಾಗಿ ಹ್ಯಾಂಡಲ್ಲಿನ ಕಡೆ ಹೋಯಿತು.

"ಮೂರ್ತಿ!" ಎಂದಳು ಮಾದಮ್ಮ. ಅವನು ಕೈ ಹಿಂದಕ್ಕೆಳೆದುಕೊಂಡ.

ಸೋಮವಾರ ಎಂಟು ಗಂಟೆಗೆ ಚಿಕ್ಕಮಾದು ಮಫ್ಲರ್ ಸುತ್ತಿಕೊಂಡು ಸಿದ್ಧನಾದ. ಸಂಘಮಿತ್ರಾ ಬ್ಯಾಗು ಎದೆಗವುಚಿಕೊಂಡು ಹಿಂದೆ ಕುಳಿತಳು. ಮಾದಮ್ಮ ಅವಳ ಸೆರಗನ್ನು ಚಕ್ರಕ್ಕೆ ಸಿಗದಂತೆ ತಾನೇ ಸೊಂಟಕ್ಕೆ ಸಿಕ್ಕಿಸಿದಳು. "ಮೆತ್ಗೆ ಓಗು. ನನ್ ಸೊಸೆ ಅವ್ಳೆ ಇಂದೆ," ಎಂದಳು ಗಂಡನಿಗೆ. ಗಾಡಿ ತಿರುವು ದಾಟಿ ಸದ್ದು ಅಡಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಗಂಟಿನ ಪಕ್ಕ ಕುಳಿತಳು, ಬಿಚ್ಚಲಿಲ್ಲ.

ಹತ್ತು ಗಂಟೆಯ ಸುಮಾರಿಗೆ ಬೀದಿಯ ಕೊನೆಯಲ್ಲಿ ಡಬಡಬ ಕೇಳಿಸಿತು. ಅವಳು ಎದ್ದು ಹೊರಗೆ ಓಡಿದಳು.

"ಬಸ್ ಸಿಕ್ತಾ?"

ಚಿಕ್ಕಮಾದು ಸ್ಟ್ಯಾಂಡ್ ಹಾಕಿ, ಮಫ್ಲರ್ ಬಿಚ್ಚಿ, ಕೊಡವಿ, ಹೆಗಲ ಮೇಲೆ ಹಾಕಿಕೊಂಡ. ಅವಸರವೇ ಇಲ್ಲ.

"ಬಾಯ್ಬುಟ್ಟು ಏಳು ಅಂದ್ರೆ!"

"ಬಸ್ ಇನ್ನೂ ಬಂದೇ ಇರ್ಲಿಲ್ಲ ಕಣ್ ಮೇ. ನಾವೇ ಅದ್ಕೆ ಕಾದ್ವಿ, ಹತ್ ನಿಮಿಷ."

ಸಂಜೆ ಬಸ್ಸಿಳಿದು ಬಂದ ಸಂಘಮಿತ್ರಾ ಹೊಸ್ತಿಲಲ್ಲೇ ನಿಂತು, "ಪ್ರಾರ್ಥನೆ ಸಾಲಲ್ಲಿ ಮುಂದೆ ನಿಂತಿದ್ದೆ ಅತ್ತೆ. ಹೆಡ್ ಮೇಡಂ ನೋಡಿ ನಕ್ಕರು," ಎಂದಳು. ಚಪ್ಪಲಿ ಬಿಡುವಾಗ ಬಾಗಿಲ ಪಕ್ಕ ಖಾಲಿಯಾಗಿರುವುದು ಕಂಡಿತು. ಜಮಖಾನ ಮಡಚಿ ಗೂಡಿನಲ್ಲಿತ್ತು. ದಿವ್ಯ ತನ್ನ ಕೌದಿಯ ಮೇಲೆ ಕಾಲು ಚಾಚಿ ಕುಳಿತು ಗೋಲಿ ಆಡುತ್ತಿದ್ದಳು.

"ಗಂಟೆಲ್ಲಿ ಅತ್ತೆ?"

"ಯಾವ್ ಗಂಟು?" ಎಂದಳು ಮಾದಮ್ಮ ಒಲೆಯ ಮುಂದಿನಿಂದ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವುತ್ತ. "ಕೈಕಾಲ್ ತೊಳ್ಕೊಂಡ್ ಬಾ, ಮುದ್ದೆ ಆರೋಯ್ತದೆ."